ರಕ್ತದ ಸಾಕ್ಷ್ಯ

ಅರುವತ್ತನ್ನು ದಾಟಿದ ಗಂಡಸರು ನಾಲ್ವರು ಒಂದೆಡೆ ಸೇರಿದರೆ ಮಾತು ಕ್ರಮೇಣ ಮೂತ್ರದ ವಿಷಯಕ್ಕೆ ತಿರುಗುವುದನ್ನು ನಾನು ಬಹುಕಾಲದಿಂದ ಗಮನಿಸಿದ್ದೇನೆ. ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ, ಬಸ್ಸಿನ ಪ್ರಯಾಣವನ್ನು ಎಷ್ಟು ಹೊತ್ತು ತಾಳಬಹುದು, ಜಪಕ್ಕೆ ಕುಳಿತವನು ನಡುವೆ ಏಳಬೇಕಾಗಿ ಬಂದರೆ ಪ್ರಾಯಶ್ಚಿತ್ತವೇನು, ಇತ್ಯಾದಿ. ಆದರೆ ಈ ಮಾತು ಹಾಸ್ಯದ ಮೇರೆಯನ್ನು ಮೀರುವುದಿಲ್ಲ. ಮೀರುವ ಲಕ್ಷಣ ತೋರಿದೊಡನೆ ಯಾರಾದರೊಬ್ಬರು ಮಳೆಯ ವಿಚಾರವನ್ನೆತ್ತುತ್ತಾರೆ. ಈ ಪತ್ರಿಕೆಯನ್ನು ಮನೆಮಂದಿಯೆಲ್ಲರೂ ಓದುವರಾದ ಕಾರಣ ಇಂಥ ವಿಷಯವನ್ನು ಬರೆಯಬಹುದೆ ಎಂದು ಸಂಪಾದಕರನ್ನು ಮೊದಲೇ ಕೇಳಿದೆನು. “ಬರೆಯಿರಿ, ಹೆಂಗಸರೇ ಮೊದಲು ಓದಲಿ” ಎಂದು ಅವರು ಉತ್ತರ ಕೊಟ್ಟರು. ಅವರ ಮಾತು ಎಷ್ಟು ಸರಿಯಾದುದೆಂಬುದು ಈ ಲೇಖನದ ಉತ್ತರಾರ್ಧದಲ್ಲಿ ತಿಳಿದುಬರುವುದು.

೨೦೨೩ನೆಯ ಇಸವಿಯ ಕಾರ್ತಿಕಮಾಸದಲ್ಲಿ ನಮ್ಮೂರಿನ ಹಿರಿಯರ ಸಂಘವೊಂದು ಛತ್ರದ ಹಜಾರದಲ್ಲಿ ರಕ್ತಪರೀಕ್ಷೆಯ ಶಿಬಿರವನ್ನು ಏರ್ಪಡಿಸಿತ್ತು. ದೂರದ ಪಟ್ಟಣದ ಪ್ರಯೋಗಶಾಲೆಯೊಂದರ ಹುಡುಗರು ಬಂದು, ಒಂದೇ ಶುಲ್ಕಕ್ಕೆ ಅರುವತ್ತಕ್ಕೂ ಮಿಕ್ಕಿದ ಪರೀಕ್ಷೆಗಳೆಂದು ಸಾರಿ, ನಮ್ಮೆಲ್ಲರ ತೋಳಿನಿಂದ ರಕ್ತವನ್ನು ತೆಗೆದುಕೊಂಡು ಹೋದರು. ಉಪ್ಪಿಟ್ಟು ಕಾಫಿಗಳ ವ್ಯವಸ್ಥೆ ಚೆನ್ನಾಗಿತ್ತು. ಸಕ್ಕರೆ, ಕೊಬ್ಬು, ಮೂತ್ರಪಿಂಡ, ಯಕೃತ್ತು ಇವುಗಳ ಪರೀಕ್ಷೆಯ ಜೊತೆಗೆ ಗಂಡಸರಿಗೆ ಮಾತ್ರ ಇನ್ನೊಂದು ಪರೀಕ್ಷೆಯುಂಟೆಂಬುದನ್ನು ಆಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕು ದಿನಗಳ ತರುವಾಯ ಫಲಿತಾಂಶವು ಮೊಬೈಲಿಗೆ ಬಂದಿತು. ಹದಿನಾಲ್ಕು ಪುಟಗಳಲ್ಲಿ ಹನ್ನೆರಡನೆಯದರ ಮೇಲೆ ‘ಪಿ.ಎಸ್.ಎ. ೭.೨’ ಎಂದು ಕೆಂಪಕ್ಷರದಲ್ಲಿತ್ತು. ಪಕ್ಕದಲ್ಲಿ ಮೇಲ್ಮುಖವಾದ ಬಾಣ. ಅದರಾಚೆ, ಇರತಕ್ಕದ್ದು ೪ರೊಳಗೆ ಎಂಬ ಸೂಚನೆ. ಇಷ್ಟೇ. ಮೂವತ್ತೈದು ವರ್ಷ ನಾನು ಹುಡುಗರ ಉತ್ತರಪತ್ರಿಕೆಗಳ ಮೇಲೆ ಕೆಂಪು ಮಸಿಯಿಂದ ಬರೆದವನು. ತಪ್ಪೇನೆಂದು ತಿಳಿಸದೆ ಬರಿಯ ಕೆಂಪು ಗೆರೆಯನ್ನೆಳೆದು ಕಾಗದವನ್ನು ಹಿಂದಿರುಗಿಸಿದರೆ ಹುಡುಗನಿಗೆ ಹೇಗಾಗುವುದೆಂಬುದು ಆ ರಾತ್ರಿ ನನಗೆ ಅರ್ಥವಾಯಿತು.

ಆ ಮೂರು ಅಕ್ಷರಗಳು ನನಗೆ ಅಪರಿಚಿತವಾಗಿರಲಿಲ್ಲ. ನಿದ್ರೆ ಬಾರದಿದ್ದುದಕ್ಕೆ ಅದೇ ಕಾರಣ. ನನ್ನ ಅಣ್ಣನಿಗೆ ೨೦೧೦ರಲ್ಲಿ ಸೊಂಟನೋವು ಹಿಡಿಯಿತು. ಎಣ್ಣೆ ನೀವಿಸಿದೆವು, ಶಾಖ ಕೊಡಿಸಿದೆವು, ನಡುವಿಗೆ ಪಟ್ಟಿ ಕಟ್ಟಿಸಿದೆವು. ವೈದ್ಯರೊಬ್ಬರು ನರ ಒತ್ತಿಕೊಂಡಿದೆಯೆಂದು ಒಂದು ವರ್ಷ ನೋವಿನ ಮಾತ್ರೆಗಳನ್ನು ಕೊಟ್ಟರು. ೨೦೧೧ರಲ್ಲಿ ಮತ್ತೊಬ್ಬರು ರಕ್ತವನ್ನು ನೋಡಿಸಿದಾಗ ಆ ಅಂಕಿ ೬೪೦ ಆಗಿತ್ತು. ಅಷ್ಟರಲ್ಲಿ ರೋಗವು ಬೆನ್ನೆಲುಬನ್ನೂ ಕಟಿಯ ಎಲುಬುಗಳನ್ನೂ ಹೊಕ್ಕಿತ್ತು. ಪುರುಷತ್ವದ ಹಾರ್ಮೋನನ್ನು ತಡೆಯತಕ್ಕ ಚುಚ್ಚುಮದ್ದನ್ನು ಕೊಟ್ಟ ಕೆಲವು ವಾರಗಳಲ್ಲಿಯೇ ನೋವು ಇಳಿದು, ಅಣ್ಣನು ಕೋಲಿಲ್ಲದೆ ತೋಟಕ್ಕೆ ಹೋಗಿಬರುವಂತಾದನು. ನಾವೆಲ್ಲರೂ ಗೆದ್ದೆವೆಂದುಕೊಂಡೆವು. ಹದಿನಾರು ತಿಂಗಳ ಮೇಲೆ ಅವನು ತೀರಿಕೊಂಡನು.

ಅಣ್ಣನಿಗೆ ಆ ಕೆಲವು ತಿಂಗಳ ನೆಮ್ಮದಿಯನ್ನು ಕೊಟ್ಟ ಚಿಕಿತ್ಸೆಯ ಮೂಲವನ್ನು ನಾನು ಆಮೇಲೆ ಓದಿ ತಿಳಿದೆನು. ೧೯೩೮ರಲ್ಲಿ ಅಮೆರಿಕದ ಗುಟ್ಮನ್ ದಂಪತಿಗಳು, ಈ ರೋಗವು ಎಲುಬಿಗೆ ಹರಡಿದವರ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವವು ಏರಿರುವುದನ್ನು ತೋರಿಸಿದರು. ೧೯೪೧ರಲ್ಲಿ ಷಿಕಾಗೋ ನಗರದ ಚಾರ್ಲ್ಸ್ ಹಗಿನ್ಸ್ ಎಂಬ ಶಸ್ತ್ರವೈದ್ಯರೂ ಅವರ ಸಹಾಯಕರಾದ ಹಾಡ್ಜಸ್ ಅವರೂ, ವೃಷಣಗಳನ್ನು ತೆಗೆದರೆ ಆ ಕಿಣ್ವವು ರಕ್ತದಲ್ಲಿ ಇಳಿಯುವುದೆಂದೂ ರೋಗಿಯ ನೋವೂ ಅದರೊಡನೆ ತಗ್ಗುವುದೆಂದೂ ಪ್ರಕಟಿಸಿದರು. ಹಗಿನ್ಸರಿಗೆ ೧೯೬೬ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಒಳಗೆ ಕಾಣದ ರೋಗದ ಏರಿಳಿತವನ್ನು ಹೊರಗೆ ಒಂದು ಹನಿ ರಕ್ತದಲ್ಲಿ ಅಳೆಯಬಹುದೆಂಬ ವಿಚಾರವು ಹೀಗೆ ಬಹು ಹಳೆಯದು. ಪಿ.ಎಸ್.ಎ. ಎಂಬುದು ಆ ಕಿಣ್ವದ ಸ್ಥಾನಕ್ಕೆ ಬಂದ ಕಿರಿಯ ಸೋದರ.

ಪ್ರಾಸ್ಟೇಟ್ ಎಂಬ ಈ ಗ್ರಂಥಿ ಗಂಡಸಿನ ಮೂತ್ರಾಶಯದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ಸುತ್ತಿಕೊಂಡು ಕುಳಿತಿರುವುದು. ಯೌವನದಲ್ಲಿ ಅಕ್ರೋಟಿನ ಗಾತ್ರ. ವಯಸ್ಸಾದಂತೆ ಬೆಳೆಯುವುದು ಅದರ ಸ್ವಭಾವ. ಗ್ರೀಕ್ ಭಾಷೆಯಲ್ಲಿ ಮುಂದೆ ನಿಂತಿರುವವನು ಎಂಬರ್ಥದ ಪದದಿಂದ ಈ ಹೆಸರು ಬಂದಿದೆ. ನಮ್ಮವರು ಇದನ್ನು ‘ಪುರಃಸ್ಥಗ್ರಂಥಿ’ ಎಂದು ಸಂಸ್ಕೃತಕ್ಕೆ ತಂದಿರುವರು. ವ್ಯಾಕರಣಕ್ಕೆ ಸರಿಯಾಗಿದೆ, ಬಾಯಿಗೆ ಬರುವುದಿಲ್ಲ. ಆದುದರಿಂದ ನಾನು ಪ್ರಾಸ್ಟೇಟ್ ಎಂದೇ ಬರೆಯುವೆನು. ಸುಶ್ರುತನು ಮೂತ್ರಾಘಾತಗಳನ್ನು ವಿವರಿಸುವಾಗ, ಮೂತ್ರಮಾರ್ಗಕ್ಕೂ ಮಲಮಾರ್ಗಕ್ಕೂ ನಡುವೆ ಕಲ್ಲಿನಂತೆ ಎದ್ದು ಎರಡನ್ನೂ ತಡೆಯುವ ‘ಅಷ್ಠೀಲಾ’ ಎಂಬ ಗಂಟನ್ನು ಹೇಳಿರುವನು. ಇದೇ ಪ್ರಾಸ್ಟೇಟಿನ ಊತವೆಂದು ಈಗಿನ ಆಯುರ್ವೇದ ಪಂಡಿತರಲ್ಲಿ ಅನೇಕರು ಹೇಳುವರು. ಇರಬಹುದು. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂಬ ವಾದದಲ್ಲಿ ನನಗೆ ಉತ್ಸಾಹವಿಲ್ಲ. ರೋಗವು ಮೊದಲೇ ಇತ್ತೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಈ ಗ್ರಂಥಿಯ ಕೋಶಗಳು ವೀರ್ಯವನ್ನು ತಿಳಿಯಾಗಿಸತಕ್ಕ ಒಂದು ಪ್ರೋಟೀನನ್ನು ಸ್ರವಿಸುತ್ತವೆ. ಅದನ್ನು ತಯಾರಿಸುವ ಆದೇಶವು ನಮ್ಮ ೧೯ನೆಯ ವರ್ಣತಂತುವಿನಲ್ಲಿರುವ ಒಂದು ಜೀನಿನಲ್ಲಿ ಬರೆದಿರುವುದು. ಇದೇ ಪಿ.ಎಸ್.ಎ. ಇದು ಹರಿಯಬೇಕಾದ ದಾರಿ ಗ್ರಂಥಿಯ ಒಳಗಿನ ಸಣ್ಣ ನಾಳಗಳು. ರಕ್ತಕ್ಕೆ ಬರುವುದು ಅತ್ಯಲ್ಪ. ೪ ಎಂದರೆ ಒಂದು ಮಿಲಿಲೀಟರ್ ರಕ್ತದ್ರವದಲ್ಲಿ ನಾಲ್ಕು ನ್ಯಾನೋಗ್ರಾಂ. ಲೀಲಾವತಿಯ ಸಂಖ್ಯಾಸ್ಥಾನಗಳನ್ನು ಬಾಯಿಪಾಠ ಮಾಡಿದವರಿಗೆ ಹೇಳುವುದಾದರೆ, ಒಂದು ಗ್ರಾಮನ್ನು ‘ಅಬ್ಜ’ದಿಂದ, ಎಂದರೆ ನೂರು ಕೋಟಿಯಿಂದ, ಭಾಗಿಸಿದಾಗ ಬರುವ ಒಂದು ಭಾಗ. ಆ ಗಣನೆಯಲ್ಲಿ ಅಬ್ಜಕ್ಕೆ ಹಿಂದಿನ ಸ್ಥಾನದ ಹೆಸರು ‘ಅರ್ಬುದ’. ಕ್ಯಾನ್ಸರಿಗೂ ಸಂಸ್ಕೃತದಲ್ಲಿ ಅದೇ ಹೆಸರು. ಆ ರಾತ್ರಿ ನಿದ್ರೆಯಿಲ್ಲದೆ ಹೊರಳುತ್ತ ಇಂಥ ನಿಷ್ಪ್ರಯೋಜಕವಾದ ಸಾಮ್ಯಗಳನ್ನೆಲ್ಲ ಯೋಚಿಸಿದೆನು.

ಗದ್ದೆಯಿರುವವರಿಗೆ ಈ ಸೋರಿಕೆಯ ವಿಷಯವನ್ನು ವಿವರಿಸುವುದು ಸುಲಭ. ಬದು ಗಟ್ಟಿಯಾಗಿದ್ದರೆ ನೀರು ಮೇಲಿನ ಗದ್ದೆಯಲ್ಲಿಯೇ ನಿಲ್ಲುವುದು. ಏಡಿ ಬಿಲ ತೋಡಿದರೆ ಕೆಳಗಿನ ಗದ್ದೆಗೆ ಸೋರುವುದು. ಆದರೆ ಸೋರಿದ್ದೆಲ್ಲ ಏಡಿಯ ಕೆಲಸವೆ? ಇಲಿಯೂ ತೋಡುವುದು, ಬದು ಹಳೆಯದಾಗಿ ಸಡಿಲವಾದರೂ ಸೋರುವುದು, ಮೇಲೆ ನೀರು ಹೆಚ್ಚಾಗಿ ನಿಂತರೂ ಜಿನುಗುವುದು. ಹಾಗೆಯೇ ಪಿ.ಎಸ್.ಎ. ಏರುವುದಕ್ಕೆ ಕ್ಯಾನ್ಸರ್ ಒಂದು ಕಾರಣ; ಗ್ರಂಥಿಯು ವಯಸ್ಸಿನಿಂದ ಊದಿಕೊಂಡಿರುವುದು ಇನ್ನೊಂದು; ಸೋಂಕು ಮತ್ತೊಂದು. ಗ್ರಂಥಿ ಊತಕ್ಕಾಗಿ ಕೊಡುವ ಫಿನಾಸ್ಟರೈಡ್ ಎಂಬ ಮಾತ್ರೆಯನ್ನು ನುಂಗುತ್ತಿದ್ದರೆ ಅಂಕಿಯು ಅರ್ಧಕ್ಕೆ ಇಳಿಯುವುದೂ ಉಂಟು; ಹಾಗೆ ಇಳಿದುದನ್ನು ಕಂಡು ಮೋಸಹೋಗಬಾರದು.

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವನಿಗೆ ಇಲ್ಲೊಂದು ಹಳೆಯ ಪಾಠ ನೆನಪಿಗೆ ಬಾರದೆ ಇರದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು. ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯ ಜೊತೆಗೆ ಹಸಿಯ ಸೌದೆ ಸೇರಿದರೆ ಮಾತ್ರ ಹೊಗೆ. ಆ ಹಸಿಯ ಸೌದೆಯನ್ನು ನೈಯಾಯಿಕರು ‘ಉಪಾಧಿ’ಯೆನ್ನುವರು, ಉಪಾಧಿಯನ್ನು ಮರೆತು ಮಾಡಿದ ಊಹೆಯ ಹೇತುವನ್ನು ‘ಸವ್ಯಭಿಚಾರ’ವೆನ್ನುವರು. ಪಿ.ಎಸ್.ಎ. ಎಂಬ ಹೇತುವು ಪ್ರಾಸ್ಟೇಟನ್ನು ತಪ್ಪದೆ ತೋರಿಸುವುದು. ಕ್ಯಾನ್ಸರನ್ನು ತೋರಿಸುವುದರಲ್ಲಿ ಅದು ಸವ್ಯಭಿಚಾರ. ೪ರಿಂದ ೧೦ರ ನಡುವೆ ಅಂಕಿಯಿರುವವರಲ್ಲಿ ಸುಮಾರು ನಾಲ್ವರಿಗೊಬ್ಬರಲ್ಲಿ ಮಾತ್ರ ಚೂರು ತೆಗೆದು ನೋಡಿದಾಗ ಕ್ಯಾನ್ಸರ್ ಸಿಕ್ಕುವುದು. ೪ರ ಒಳಗಿದ್ದವರೆಲ್ಲ ಕ್ಷೇಮವೆಂದೂ ಇಲ್ಲ: ೨೦೦೪ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ ಅಂಥವರಲ್ಲಿ ನೂರಕ್ಕೆ ಹದಿನೈದು ಮಂದಿಯಲ್ಲಿ ಅದು ಕಂಡುಬಂದಿತು. ಹಾಗಾದರೆ ೪ ಎಂಬ ಗೆರೆ ಏತಕ್ಕೆ? ಎಲ್ಲಿಯಾದರೂ ಒಂದು ಗೆರೆಯನ್ನೆಳೆಯಬೇಕಾದ್ದರಿಂದ. ಮೂವತ್ತೈದು ಅಂಕ ಬಂದವನು ತೇರ್ಗಡೆ, ಮೂವತ್ತನಾಲ್ಕು ಬಂದವನು ನಪಾಸೆಂದು ನಾವು ಎಳೆಯುತ್ತಿರಲಿಲ್ಲವೆ?

ಈ ವಸ್ತುವನ್ನು ೧೯೭೦ರಲ್ಲಿಯೇ ಗ್ರಂಥಿಯಲ್ಲಿ ಗುರುತಿಸಿದವರಲ್ಲಿ ರಿಚರ್ಡ್ ಆಬ್ಲಿನ್ ಎಂಬುವರು ಒಬ್ಬರು. ೧೯೭೯ರಲ್ಲಿ ಬಫೆಲೊ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯವರು ಇದನ್ನು ಶುದ್ಧೀಕರಿಸಿದರು. ಅಮೆರಿಕದ ಸರ್ಕಾರವು ೧೯೮೬ರಲ್ಲಿ ಇದರ ಪರೀಕ್ಷೆಗೆ ಒಪ್ಪಿಗೆ ಕೊಟ್ಟದ್ದು ರೋಗ ಖಚಿತವಾದವರ ಮೇಲ್ವಿಚಾರಣೆಗಾಗಿ. ರೋಗವನ್ನು ಕಂಡುಹಿಡಿಯುವ ಸಹಾಯಕ್ಕಾಗಿ ಒಪ್ಪಿದ್ದು ೧೯೯೪ರಲ್ಲಿ. ಆ ಮೇಲೆ ಲಕ್ಷಾಂತರ ಗಂಡಸರ ರಕ್ತವನ್ನು ಜಾಲಿಸಿದರು. ಎಂದೂ ತೊಂದರೆ ಕೊಡದಿದ್ದ ಸಣ್ಣ ಗಂಟುಗಳೂ ಸಿಕ್ಕಿದುವು. ಅವುಗಳಿಗೂ ಕತ್ತರಿ ಬಿದ್ದಿತು. ಮೂತ್ರದ ಹಿಡಿತವನ್ನೂ ದಾಂಪತ್ಯದ ಶಕ್ತಿಯನ್ನೂ ಕಳೆದುಕೊಂಡವರು ಬಹಳ ಮಂದಿ. ಆಬ್ಲಿನ್ ಅವರೇ ೨೦೧೦ರಲ್ಲಿ ಪತ್ರಿಕೆಯೊಂದರಲ್ಲಿ ಈ ಸಾಮೂಹಿಕ ಜಾಲನವನ್ನು ಕಟುವಾಗಿ ಖಂಡಿಸಿ ಬರೆದರು. ಅಮೆರಿಕದ ತಜ್ಞಮಂಡಲಿ ೨೦೧೨ರಲ್ಲಿ ಬೇಡವೆಂದಿತು. ೨೦೧೮ರಲ್ಲಿ, ೫೫ರಿಂದ ೬೯ರವರೆಗಿನವರು ವೈದ್ಯರೊಡನೆ ಮಾತನಾಡಿ ತಾವೇ ನಿರ್ಧರಿಸಲಿ, ೭೦ರ ಮೇಲೆ ಬೇಡ, ಎಂದಿತು. ಯೂರೋಪಿನ ದೊಡ್ಡ ಅಧ್ಯಯನದ ೨೩ ವರ್ಷಗಳ ಫಲಿತಾಂಶವು ೨೦೨೫ರಲ್ಲಿ ಹೊರಬಂದಿದೆ. ಪರೀಕ್ಷೆಗೆ ಕರೆದವರಲ್ಲಿ ಈ ರೋಗದ ಸಾವು ನೂರಕ್ಕೆ ಹದಿಮೂರರಷ್ಟು ಕಡಮೆಯಾಯಿತು. ೪೫೬ ಮಂದಿಯನ್ನು ಕರೆದರೆ ಒಂದು ಸಾವು ತಪ್ಪಿತು.

ಈ ೪೫೬ ಎಂಬುದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪತ್ರಿಕೆಯನ್ನು ಕೆಳಗಿಟ್ಟೆನು. ಉಳಿದ ೪೫೫ ಮಂದಿಯ ಪಕ್ಷದಲ್ಲಿ ನಿಂತು ನೋಡಿದರೆ ಪರೀಕ್ಷೆಯು ವ್ಯರ್ಥವಾದ ಉಪದ್ರವ. ಆ ಒಬ್ಬನು ಅಣ್ಣನಾಗಿದ್ದರೆ? ಛತ್ರಗಳಲ್ಲಿ ಉಪ್ಪಿಟ್ಟಿನ ಜೊತೆಗೆ ನಡೆಯುವ ಪರೀಕ್ಷೆಯನ್ನು ನಾನು ಈಗಲೂ ಒಪ್ಪುವುದಿಲ್ಲ. ಹೇಳಿ, ಕೇಳಿ, ಒಪ್ಪಿಗೆ ಪಡೆದು, ಅಂಕಿ ಬಂದ ಮೇಲೆ ಅದರ ಅರ್ಥವನ್ನು ಬಿಡಿಸಬಲ್ಲವರು ಎದುರಿಗಿರುವಲ್ಲಿ ಮಾತ್ರ ಅದು ನಡೆಯತಕ್ಕದ್ದು. ಸೊಂಟ ನೋಯುವ ಅರುವತ್ತರ ಮುದುಕನಿಗೆ ಒಂದು ವರ್ಷ ನೋವಿನ ಮಾತ್ರೆಯನ್ನೇ ಕೊಡುವುದನ್ನೂ ನಾನು ಒಪ್ಪುವುದಿಲ್ಲ.

ಜಿಲ್ಲಾ ಕೇಂದ್ರದ ಮೂತ್ರರೋಗತಜ್ಞರು ಚಿಕ್ಕ ವಯಸ್ಸಿನವರು, ಸಾವಧಾನವುಳ್ಳವರು. ಮೊಬೈಲಿನ ಕೆಂಪಕ್ಷರವನ್ನು ನೋಡಿ, “ಮೇಷ್ಟ್ರೆ, ಇದನ್ನು ಇನ್ನೂ ಯಾರಿಗೂ ಹೇಳಬೇಡಿ, ಮೊದಲು ಇನ್ನೊಂದು ಸಲ ನೋಡೋಣ” ಎಂದರು. ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು ಆರು ವಾರ ಬಿಟ್ಟು ನೋಡಿದಾಗ ಅಂಕಿ ೬.೯. ಈ ಸಲ ಇನ್ನೊಂದು ಲೆಕ್ಕವನ್ನೂ ತರಿಸಿದರು. ರಕ್ತದಲ್ಲಿ ಪಿ.ಎಸ್.ಎ.ಯ ಬಹುಭಾಗ ಇತರ ಪ್ರೋಟೀನುಗಳಿಗೆ ಅಂಟಿಕೊಂಡಿರುವುದು. ಸ್ವಲ್ಪ ಭಾಗ ಬಿಡಿಯಾಗಿರುವುದು. ಬಿಡಿಯ ಪಾಲು ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚಾದರೆ ಭಯ ಕಡಮೆ, ಹತ್ತಕ್ಕಿಂತ ಕಡಮೆಯಾದರೆ ಭಯ ಹೆಚ್ಚು. ನನ್ನದು ಹನ್ನೊಂದು. ಎಂ.ಆರ್.ಐ.ಯಲ್ಲಿ ಒಂದು ಕಡೆ ಮಬ್ಬು ಗುರುತು. ಸೂಜಿಯಿಂದ ಚೂರುಗಳನ್ನು ತೆಗೆದರು. ಫಲಿತಾಂಶ: ಕ್ಯಾನ್ಸರ್ ಉಂಟು, ಗ್ಲೀಸನ್ ಅಂಕ ಮೂರು ಮತ್ತು ನಾಲ್ಕು, ಒಟ್ಟು ಏಳು. ಡೊನಾಲ್ಡ್ ಗ್ಲೀಸನ್ ಎಂಬ ಅಮೆರಿಕದ ರೋಗವಿಜ್ಞಾನಿ ೧೯೬೬ರಲ್ಲಿ ಆರಂಭಿಸಿದ ಶ್ರೇಣಿಯಿದು. ಕೋಶಗಳು ಎಷ್ಟರಮಟ್ಟಿಗೆ ತಮ್ಮ ಕಟ್ಟನ್ನು ಬಿಟ್ಟಿವೆಯೆಂದು ನೋಡಿ ಅಂಕ ಕೊಡುವರು. ಅಂಕ ಹೆಚ್ಚಾದಷ್ಟೂ ಕೇಡೆಂಬ ಪರೀಕ್ಷೆ ನನಗೆ ಹೊಸದು. ರೋಗವು ಯಾವ ಘಟ್ಟದಲ್ಲಿದೆಯೆಂಬುದಕ್ಕೂ ರಕ್ತದ ಅಂಕಿಯೇ ಒಂದು ಸಾಕ್ಷಿ: ೧೦ರೊಳಗಿದ್ದರೆ ಎಲುಬಿಗೆ ಹರಡಿರುವ ಸಂಭವ ಅಲ್ಪ, ೨೦ನ್ನು ಮೀರಿದರೆ ಜೋಪಾನ, ನೂರಾರಕ್ಕೆ ಹೋದರೆ ಅಣ್ಣನ ಸ್ಥಿತಿ. ಬೆಂಗಳೂರಿನಲ್ಲಿ ಮಾಡಿಸಿದ ಮೈಯ ಚಿತ್ರಪರೀಕ್ಷೆಯೂ ಅದನ್ನೇ ಹೇಳಿತು. ನನ್ನ ಏಡಿಯು ತನ್ನ ಬದುವನ್ನು ಬಿಟ್ಟು ಹೊರಟಿರಲಿಲ್ಲ.

“ಅವಸರವಿಲ್ಲ, ಕಾಯುತ್ತ ನೋಡುತ್ತ ಇರಲೂಬಹುದು” ಎಂದರು ವೈದ್ಯರು. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಇದ್ದ ರೋಗದ ೧,೬೪೩ ಮಂದಿಯನ್ನು ಹದಿನೈದು ವರ್ಷ ಅನುಸರಿಸಿ ನೋಡಿದುದರ ಫಲ ೨೦೨೩ರಲ್ಲಿ ಬಂದಿತ್ತು. ಕಾದವರಿರಲಿ, ಕೊಯ್ಯಿಸಿಕೊಂಡವರಿರಲಿ, ಕಿರಣಚಿಕಿತ್ಸೆ ಪಡೆದವರಿರಲಿ, ನೂರಕ್ಕೆ ತೊಂಬತ್ತೇಳು ಮಂದಿ ಈ ರೋಗದಿಂದ ಸಾಯಲಿಲ್ಲ. ನನ್ನ ಮನಸ್ಸು ಹಗುರಾಯಿತು. ಎದ್ದು ಹೊರಡುವಾಗ ಅವರು, “ನಿಮ್ಮ ಮನೆತನದಲ್ಲಿ ಯಾರಿಗಾದರೂ ಇತ್ತೆ?” ಎಂದು ಕೇಳಿದರು. ಅಣ್ಣನ ಸಂಗತಿಯನ್ನು ಹೇಳಿದೆನು. “ಹೆಂಗಸರಲ್ಲಿ?” ಎಂದರು. ಈ ಪ್ರಶ್ನೆ ನನಗೆ ಅಸಂಬದ್ಧವಾಗಿ ತೋರಿತು. ನಮ್ಮ ತಾಯಿ ತನ್ನ ನಲವತ್ತಾರನೆಯ ವಯಸ್ಸಿನಲ್ಲಿ ಎದೆಯ ಗಂಟಿನಿಂದ ತೀರಿಕೊಂಡಳು. ಆ ಗಂಟನ್ನು ಅವಳು ಒಂದು ವರ್ಷ ಯಾರಿಗೂ ತೋರಿಸಿರಲಿಲ್ಲ. ಇದನ್ನು ಹೇಳಿದೊಡನೆ ವೈದ್ಯರು ನನ್ನನ್ನು ಮತ್ತೆ ಕುಳ್ಳಿರಿಸಿದರು.

ಆಗ ಅವರು ವಿವರಿಸಿದುದನ್ನು ನಾನು ನನ್ನ ಭಾಷೆಯಲ್ಲಿ ಹೇಳುವೆನು. ಜೀವಕೋಶವು ತನ್ನ ಗ್ರಂಥವನ್ನು ಪ್ರತಿಮಾಡುತ್ತಲೇ ಇರುವುದು. ಗರಿ ಹರಿಯುವುದೂ ಅಕ್ಷರ ಬಿಟ್ಟುಹೋಗುವುದೂ ಸಹಜ. ಅವುಗಳನ್ನು ಸರಿಪಡಿಸಲು ಶೋಧಕರಿರುವರು. ೧೩ನೆಯ ವರ್ಣತಂತುವಿನಲ್ಲಿರುವ ಬಿ.ಆರ್.ಸಿ.ಎ.೨ ಎಂಬ ಜೀನು ಅಂಥ ಒಬ್ಬ ಶೋಧಕನ ರಚನೆಗೆ ಆದೇಶ. ಕಡಿದುಹೋದ ಎಳೆಯನ್ನು ಕೂಡಿಸುವುದು ಅವನ ಕೆಲಸ. ವಿಜ್ಞಾನಿಗಳು ಈ ಜೀನನ್ನು ೧೯೯೫ರಲ್ಲಿ ಓದಿದರು. ೩,೪೧೮ ಅಮೈನೋ ಆಮ್ಲಗಳ ಉದ್ದನೆಯ ಸರಣಿಗೆ ಇದು ಆದೇಶ. ಇದರಲ್ಲಿಯೇ ಒಂದೆರಡು ಅಕ್ಷರ ಲೋಪವಾದರೆ, ತಾಳೆಗರಿಯಲ್ಲಿ ಒಂದು ಅಕ್ಷರ ಬಿದ್ದುಹೋಗಿ ಮುಂದಿನ ಪದಚ್ಛೇದವೆಲ್ಲ ಕೆಡುವಂತೆ, ಶೋಧಕನೇ ಕೈಲಾಗದವನಾಗುವನು. ಲೇಖಕಪ್ರಮಾದಗಳು ಒಂದರ ಮೇಲೊಂದು ಕೂಡುವುವು. ಹೆಂಗಸರಲ್ಲಿ ಸ್ತನ ಮತ್ತು ಅಂಡಾಶಯ, ಗಂಡಸರಲ್ಲಿ ಪ್ರಾಸ್ಟೇಟ್, ಈ ಸ್ಥಾನಗಳಿಗೆ ಅಪಾಯ ಹೆಚ್ಚು. ೨೦೧೬ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್ ಮೈಗೆ ಹರಡಿದ ೬೯೨ ಮಂದಿಯಲ್ಲಿ ೮೨ ಮಂದಿ ಇಂಥ ಶೋಧಕ ಜೀನುಗಳ ಲೋಪವನ್ನು ಹುಟ್ಟಿನಿಂದಲೇ ಹೊತ್ತವರಾಗಿದ್ದರು.

ಒಂದೇ ಕೊಳವೆಯ ರಕ್ತದಲ್ಲಿ ಎರಡು ಗ್ರಂಥಗಳಿರುವುದು ನನಗೆ ಅದ್ಭುತವಾಗಿ ತೋರಿತು. ಕೊಳವೆಯನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಕೆಂಪು ಕೋಶಗಳು ತಳಕ್ಕೆ ಇಳಿಯುವುವು. ಅವುಗಳ ಮೇಲೆ ಬಿಳಿಯ ಕೋಶಗಳ ತೆಳುವಾದ ಪದರ. ಅದರ ಮೇಲೆ ತಿಳಿಯಾದ ದ್ರವ. ಬಿಳಿಯ ಕೋಶಗಳಲ್ಲಿರುವುದು ತಂದೆತಾಯಿಗಳಿಂದ ಬಂದ ಮೂಲಪಾಠ. ತಿಳಿದ್ರವದಲ್ಲಿ ಸತ್ತ ಕೋಶಗಳ ಡಿ.ಎನ್.ಎ.ಯ ತುಣುಕುಗಳು ತೇಲುತ್ತಿರುವುವು. ಕ್ಯಾನ್ಸರ್ ಬಲಿತಿದ್ದರೆ ಅದರ ಕೆಟ್ಟ ಪಾಠದ ಹರಕುಗಳೂ ಅಲ್ಲಿರುವುವು. ರಕ್ತದಲ್ಲಿ ಇಂಥ ತುಣುಕುಗಳಿವೆಯೆಂದು ಫ್ರಾನ್ಸಿನ ಮ್ಯಾಂಡೆಲ್ ಮತ್ತು ಮೆತೈ ೧೯೪೮ರಲ್ಲಿಯೇ ತೋರಿಸಿದ್ದರು. ಕ್ಯಾನ್ಸರಿನ ಇಡಿಯ ಕೋಶಗಳೇ ರಕ್ತದಲ್ಲಿ ಸಂಚರಿಸುವುದನ್ನು ಆಸ್ಟ್ರೇಲಿಯದ ಆಶ್‌ವರ್ತ್ ೧೮೬೯ರಲ್ಲಿ ಕಂಡಿದ್ದರು. ಈಗ ಏಳೂವರೆ ಮಿಲಿಲೀಟರ್ ರಕ್ತದಲ್ಲಿ ಅಂಥ ಕೋಶಗಳು ಐದು ಅಥವಾ ಹೆಚ್ಚಾಗಿದ್ದರೆ ಹರಡಿದ ರೋಗವು ಉಗ್ರವೆಂದು ತಿಳಿಯುವರು. ೨೦೨೦ರಲ್ಲಿ ಅಮೆರಿಕದಲ್ಲಿ, ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಇಂಥ ಜೀನುಗಳ ಲೋಪವಿದ್ದವರಿಗೆಂದು ಓಲಾಪರಿಬ್ ಎಂಬ ಔಷಧಕ್ಕೆ ಒಪ್ಪಿಗೆಯಾಯಿತು. ಅಣ್ಣನ ಕಾಲಕ್ಕೆ ಅದು ಇರಲಿಲ್ಲ. ನನ್ನಂತೆ ರೋಗವು ಗ್ರಂಥಿಯೊಳಗೇ ಇರುವವನ ತಿಳಿದ್ರವದಲ್ಲಿ ಓದತಕ್ಕದ್ದು ಹೆಚ್ಚೇನೂ ಸಿಕ್ಕದು. ನನ್ನಲ್ಲಿ ನೋಡಬೇಕಾದದ್ದು ಮೂಲಪಾಠ.

ಕೊಡುವುದೆ, ಬೇಡವೆ ಎಂದು ನಾನು ಹದಿನೈದು ದಿನ ಯೋಚಿಸಿದೆನು. ಪಿ.ಎಸ್.ಎ. ನನ್ನೊಬ್ಬನ ಸಾಕ್ಷ್ಯ. ಈ ಪರೀಕ್ಷೆ ಹಾಗಲ್ಲ. ನನ್ನ ತೋಳಿಗೆ ಸೂಜಿ ಚುಚ್ಚಿ ಇಡೀ ಮನೆತನದ ಬಾಯಿ ಬಿಡಿಸುವುದು. ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಸಪಿಂಡತೆಯನ್ನು ವಿವರಿಸಿದ ರೀತಿ ಆಗ ಬಾರಿ ಬಾರಿಗೂ ನೆನಪಾಯಿತು. ಬಂಗಾಳದ ದಾಯಭಾಗದವರು ಪಿಂಡವೆಂದರೆ ಶ್ರಾದ್ಧದ ಅನ್ನದ ಉಂಡೆಯೆಂದರು. ವಿಜ್ಞಾನೇಶ್ವರನು ಪಿಂಡವೆಂದರೆ ದೇಹವೆಂದನು. ಒಂದೇ ದೇಹದ ಅವಯವಗಳು ತಂದೆಯ ಮೂಲಕವೂ ತಾಯಿಯ ಮೂಲಕವೂ ಮಕ್ಕಳಲ್ಲಿ ಅನುವರ್ತಿಸುವುದೇ ಸಪಿಂಡತೆಯೆಂದನು. ಪಾಠಶಾಲೆಯಲ್ಲಿ ಇದನ್ನು ಓದುವಾಗ ದಾಯವಿಭಾಗದ ವ್ಯಾಜ್ಯಕ್ಕೆ ಬೇಕಾದ ಒಂದು ಸೂಕ್ಷ್ಮವೆಂದಷ್ಟೇ ತಿಳಿದಿದ್ದೆನು. ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಮಾರಿಗೆ ಸಪಿಂಡತೆ ಮುಗಿಯುವುದೆಂದು ಶಾಸ್ತ್ರ. ಜೀನಿಗೆ ಈ ಎಣಿಕೆಯಿಲ್ಲ. ನಮ್ಮ ತಾಯಿ ಮದುವೆಯಾಗಿ ನಮ್ಮ ಗೋತ್ರಕ್ಕೆ ಬಂದಳು, ಮನೆಯ ಹೆಸರು ಬದಲಾಯಿತು. ಅವಳು ತವರಿನಿಂದ ತಂದದ್ದು ಬದಲಾಗಲಿಲ್ಲ. ಹೊತ್ತವರ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬರುವ ಸಂಭವ ಅರ್ಧಕ್ಕರ್ಧ; ಗಂಡೆಂದೂ ಹೆಣ್ಣೆಂದೂ ಭೇದವಿಲ್ಲ. ಗೋತ್ರಪ್ರವರಗಳನ್ನು ಹೇಳಿ ನಮಸ್ಕರಿಸುವಾಗ ನಾವು ಅರ್ಧ ಪೀಠಿಕೆಯನ್ನು ಬಿಟ್ಟುಬಿಟ್ಟಿದ್ದೇವಲ್ಲವೆ ಎಂದು ನನಗೆ 그ಹಿಂದೆ ಎಂದೂ ತೋರಿರಲಿಲ್ಲ.

೨೦೨೪ರ ಏಪ್ರಿಲಿನಲ್ಲಿ ಫಲಿತಾಂಶ ಬಂದಿತು. ಬಿ.ಆರ್.ಸಿ.ಎ.೨ರಲ್ಲಿ ಲೋಪವುಂಟು. ಈ ಲೋಪವಿದ್ದವರಲ್ಲಿ ರೋಗವು ಚುರುಕಾಗಿ ನಡೆಯುವ ಸಂಭವ ಹೆಚ್ಚಾದುದರಿಂದ ಕಾಯುವುದು ಬೇಡವೆಂದು ವೈದ್ಯರು ಹೇಳಿದರು. ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಗ್ರಂಥಿಯನ್ನೇ ತೆಗೆದರು. ಶಸ್ತ್ರಚಿಕಿತ್ಸೆಯ ತರುವಾಯದ ಕಷ್ಟಗಳನ್ನು ಬರೆದು ವಾಚಕರನ್ನು ಬೇಸರಪಡಿಸಲಾರೆ. ಕೆಲವು ತಿಂಗಳು ಬಟ್ಟೆಯ ವಿಷಯದಲ್ಲಿ ಶಿಶುವಾಗಿದ್ದೆನು, ಈಗ ಸುಧಾರಿಸಿದ್ದೇನೆ. ಒಂದು ಸಂಗತಿ ಮಾತ್ರ ತಾರ್ಕಿಕರಿಗೆ ಸಂತೋಷಕರವಾದದ್ದು. ಗ್ರಂಥಿಯಿದ್ದಾಗ ಸವ್ಯಭಿಚಾರವಾಗಿದ್ದ ಆ ಹೇತುವು, ಗ್ರಂಥಿ ಹೋದ ಮೇಲೆ ಶುದ್ಧವಾಯಿತು. ಬದುವೇ ಇಲ್ಲದಲ್ಲಿ ಇಲಿಯ ಬಿಲವೂ ಇಲ್ಲ, ಹಳೆಯ ಬದುವಿನ ಸಡಿಲವೂ ಇಲ್ಲ. ಇನ್ನು ಹನಿ ಕಂಡರೆ ಅದು ಏಡಿಯದೇ. ಅಂಕಿಯು ೦.೨ಕ್ಕೆ ಮುಟ್ಟಿದರೆ ರೋಗವು ಮರಳಿತೆಂದು ತಿಳಿಯುವರು. ನನ್ನದು ಇದುವರೆಗೆ ಯಂತ್ರಕ್ಕೆ ಸಿಕ್ಕದಷ್ಟಿದೆ. ಮೂರು ತಿಂಗಳಿಗೊಮ್ಮೆ ರಕ್ತ ಕೊಡುವ ದಿನ ಮಾತ್ರ ಹಿಂದಿನ ರಾತ್ರಿಯ ನಿದ್ರೆ ಇಂದಿಗೂ ಕೆಡುವುದು.

ಫಲಿತಾಂಶ ಬಂದ ವಾರದಲ್ಲಿಯೇ ನನ್ನ ಮಗನಿಗೆ ಹೇಳಿದೆನು. ಅವನು ತಾನಾಗಿಯೇ ಹೋಗಿ ಪರೀಕ್ಷೆ ಮಾಡಿಸಿಕೊಂಡನು. ಅದರ ಫಲವನ್ನು ಬರೆಯಲು ಅವನು ಒಪ್ಪಲಿಲ್ಲವಾದ್ದರಿಂದ ಬರೆದಿಲ್ಲ. ಆ ಮೇಲೆ ಅಣ್ಣನ ಮಗನಿಗೆ ಫೋನು ಮಾಡಿದೆನು. ಅಣ್ಣನ ರಕ್ತವನ್ನು ಈಗ ಪರೀಕ್ಷಿಸುವಂತಿಲ್ಲ. ಅವನ ಮಕ್ಕಳಿಬ್ಬರ ರಕ್ತವುಂಟು. ಎಲ್ಲವನ್ನೂ ಕೇಳಿ ಅವನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, “ಚಿಕ್ಕಪ್ಪ, ನಾನು ಮಾಡಿಸಿಕೊಳ್ಳುತ್ತೇನೆ. ಆದರೆ ತಂಗಿಗೆ ಈಗ ಹೇಳಬೇಡಿ. ಮಾತುಕತೆ ಮುಗಿಯುತ್ತಾ ಬಂದಿದೆ. ಇದು ಹೊರಗೆ ಬಿದ್ದರೆ ಈ ಸಂಬಂಧವಷ್ಟೇ ಅಲ್ಲ, ಇನ್ನಾವುದೂ ಬರುವುದಿಲ್ಲ. ಮದುವೆ ಆಗಿಬಿಡಲಿ. ನಿಮ್ಮ ಕಾಲಿಗೆ ಬೀಳುತ್ತೇನೆ” ಎಂದನು.

ಅವನ ಮಾತಿನಲ್ಲಿ ಸ್ವಾರ್ಥವಿರಲಿಲ್ಲ. ತಂದೆಯಿಲ್ಲದ ತಂಗಿಯ ಮದುವೆಯನ್ನು ಮಾಡಬೇಕಾದವನ ಭಯವದು. ದೋಷವನ್ನು ಮರೆಸಿ ಕನ್ಯೆಯನ್ನು ಕೊಟ್ಟವನಿಗೆ ಯಾಜ್ಞವಲ್ಕ್ಯನು ದಂಡವನ್ನು ವಿಧಿಸಿರುವನು. ಆದರೆ ಇದು ದೋಷವೆ? ವರನ ಮನೆಯವರ ರಕ್ತದಲ್ಲಿ ಏನೇನಿದೆಯೋ ಯಾರು ಓದಿದ್ದಾರೆ? ಇನ್ನೊಂದು ಕಡೆಯಿಂದ ನೋಡಿದರೆ, ಅವಳಿಗೆ ಆಗಲೇ ಮೂವತ್ತು. ಈ ಲೋಪವನ್ನು ಹೊತ್ತ ಹೆಂಗಸರಲ್ಲಿ ಎಂಬತ್ತು ವರ್ಷ ತುಂಬುವುದರೊಳಗೆ ನೂರಕ್ಕೆ ಅರುವತ್ತೊಂಬತ್ತು ಮಂದಿಗೆ ಸ್ತನದ ಕ್ಯಾನ್ಸರೂ ಹದಿನೇಳು ಮಂದಿಗೆ ಅಂಡಾಶಯದ ಕ್ಯಾನ್ಸರೂ ಬರುವುದೆಂದು ೨೦೧೭ರ ದೊಡ್ಡ ಅಧ್ಯಯನವೊಂದು ಲೆಕ್ಕ ಹಾಕಿದೆ. ಅಂಥವರಿಗೆ ಇಪ್ಪತ್ತೈದರಿಂದಲೇ ವರ್ಷಕ್ಕೊಮ್ಮೆ ಎಂ.ಆರ್.ಐ. ಮಾಡಿಸಬೇಕೆಂದು ವೈದ್ಯರ ಸಲಹೆ. ಅವಳು ಐದು ವರ್ಷ ಹಿಂದುಳಿದಿದ್ದಾಳೆ. ಮದುವೆಯ ನಂತರ ಹೇಳಿದರೆ, ಅವಳು ಕೇಳುವ ಮೊದಲನೆಯ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು: ನಿಮಗೆ ಯಾವಾಗ ತಿಳಿಯಿತು? ನಮ್ಮ ತಾಯಿ ಒಂದು ವರ್ಷ ಸೆರಗಿನಡಿಯಲ್ಲಿ ಬಚ್ಚಿಟ್ಟುಕೊಂಡದ್ದನ್ನು ನಾವು ಗಂಡಸರಿಬ್ಬರೂ ಸೇರಿ ಮತ್ತೆ ಬಚ್ಚಿಡುವುದೆ? ಸುದ್ದಿ ಅವಳದು, ಅದನ್ನು ವರನಿಗೆ ಹೇಳುವುದೂ ಬಿಡುವುದೂ ಅವಳಿಗೆ ಸೇರಿದ್ದು. ಅಣ್ಣನ ಮಗನಿಗೆ ಹೀಗೆಂದು ತಿಳಿಸಿದೆನು. ಅವನು ಸಿಟ್ಟಾಗಿ ಫೋನು ಇಟ್ಟನು; ಮೂರು ತಿಂಗಳು ನನ್ನೊಡನೆ ಮಾತನಾಡಲಿಲ್ಲ.

ವೈಶಾಖದ ಒಂದು ಭಾನುವಾರ ಬಸ್ಸಿನಲ್ಲಿ ಹೋದೆನು. ಅವಳು ಕಾಲೇಜೊಂದರಲ್ಲಿ ಅಧ್ಯಾಪಕಿ. ಬಾಡಿಗೆಯ ಚಿಕ್ಕ ಮನೆ. ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು, ಕೆಂಪು ಪೆನ್ನು. ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಯಿತು. ಕಾಗದವನ್ನು ಅವಳ ಕೈಗೆ ಕೊಟ್ಟು, ಅಜ್ಜಿಯ ಸಂಗತಿಯಿಂದ ಆರಂಭಿಸಿ ಹೇಳಿದೆನು. ಅಜ್ಜಿ ಏತರಿಂದ ಹೋದಳೆಂಬುದು ಅವಳಿಗೆ ತಿಳಿದೇ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಅವಳು ಕಾಗದವನ್ನು ಎರಡು ಸಲ ಓದಿದಳು. ಎದ್ದು ಹೋಗಿ ಒಲೆಯ ಮೇಲಿದ್ದ ಹಾಲನ್ನು ಇಳಿಸಿದಳು. ಕಾಫಿಯನ್ನು ತಂದು ನನ್ನ ಮುಂದಿಟ್ಟು, “ಚಿಕ್ಕಪ್ಪ, ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೆ?” ಎಂದು ಕೇಳಿದಳು.

“ಬೇಡವಮ್ಮ” ಎಂದೆನು.